ಅಂಗಳದಿಂದ ಒಂದು ಬಡಿತ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪುಸ್ತಕ ತಲುಪಿತು. ‘ಅಮ್ಮನಿಗೆ, ಮೊದಲ ಪ್ರತಿ’ ಎಂದು ಬರೆದಿದ್ದೀಯ. ಹೆತ್ತ ಹೊಟ್ಟೆ ತಣ್ಣಗಾಯಿತು. ಆಮೇಲೆ ಹಾಳೆ ತಿರುಗಿಸಿದೆ, ಮೈಯೆಲ್ಲ ಉರಿಯಿತು.

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು. ಕೆಂಪು ಪೆನ್ಸಿಲ್ ಹಿಡಿಯದೆ ಓದಲು ಬರುವುದಿಲ್ಲ. ಕಾಗುಣಿತದ ತಪ್ಪು ನಾಲ್ಕೇ ಸಿಕ್ಕವು. ಉಳಿದದ್ದು ಪೆನ್ಸಿಲ್ಲಿಗೆ ಬಗ್ಗುವಂಥದ್ದಲ್ಲ. ಜಗತ್ತಿನ ಹನ್ನೆರಡು ದೆವ್ವದ ಜಾಗಗಳೆಂದು ಪಟ್ಟಿ ಮಾಡಿದ್ದೀಯಲ್ಲ, ಒಮ್ಮೆ ಸಾಲಾಗಿ ನೋಡು: ಕುಸಿದ ಗಣಿ, ಮುಚ್ಚಿದ ಜೈಲು, ಹುಚ್ಚಾಸ್ಪತ್ರೆ, ಅನಾಥಾಲಯ. ಸುಖವಾಗಿ ಉಂಡು ಮಲಗಿ ಸತ್ತವರ ಮನೆ ಒಂದಾದರೂ ಇದೆಯೇ? ಎಲ್ಲವೂ ಕೂಗಿದವರಿಗೆ ಯಾರೂ ಓಗೊಡದ ಜಾಗಗಳೇ. ಅವರು ಬದುಕಿದ್ದಾಗ ಆ ಕಡೆ ತಲೆ ಹಾಕದ ಊರಿನವರು ಈಗ ಟಿಕೆಟ್ ಕೊಂಡು ಹೋಗಿ ಹೆದರುತ್ತಾರಂತೆ. ನಾಚಿಕೆಯಾಗಬೇಕು.

ಏಳನೆಯದು ನಮ್ಮೂರಿನ ಕ್ಷಯದ ಆಸ್ಪತ್ರೆ. ಎರಡನೇ ಮಹಡಿಯ ಕಿಟಕಿಯಲ್ಲಿ ಬಿಳಿ ಬಟ್ಟೆಯ ಹೆಂಗಸು, ಭಾನುವಾರ ಸಂಜೆ ನಾಲ್ಕಕ್ಕೆ ಗಾಜಿನ ಮೇಲೆ ಮೂರು ಬಡಿತ, ಅವಳು ತನ್ನ ಬಲಿಯನ್ನು ಕರೆಯುತ್ತಾಳೆ ಎಂದು ಬರೆದಿದ್ದೀಯ. ಅವಳು ಯಾರನ್ನೂ ಕರೆಯುತ್ತಿರಲಿಲ್ಲ ಪುಟ್ಟಿ. ‘ಊಟ ಮಾಡಿದೆ’ ಎನ್ನುತ್ತಿದ್ದಳು.

ಆ ಕಾಲದಲ್ಲಿ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಭಾನುವಾರ ನಾಲ್ಕಕ್ಕೆ ಅಂಗಳದಲ್ಲಿ ನಿಲ್ಲಬೇಕು. ಮೇಲಿನಿಂದ ರೋಗಿಗಳು ಚಮಚದಿಂದ ಗಾಜು ಬಡಿಯುತ್ತಿದ್ದರು. ಒಂದು ಬಡಿತವೆಂದರೆ ಜ್ವರ, ಎರಡೆಂದರೆ ನಿದ್ದೆಯಿಲ್ಲ, ಮೂರೆಂದರೆ ಉಂಡಿದ್ದೇನೆ, ಚೆನ್ನಾಗಿದ್ದೇನೆ. ಕೆಳಗಿನವರು ಮನೆಯ ಬೀಗದ ಕೈಯಿಂದ ಕೈಪಂಪಿನ ಕಬ್ಬಿಣಕ್ಕೆ ಒಂದು ಸಲ ಬಡಿಯಬೇಕು. ಕೇಳಿಸಿತು ಎಂದು ಅರ್ಥ. ಅದು ಕೇಳುವವರೆಗೆ ಮೇಲಿನವರು ಕಿಟಕಿ ಬಿಡುತ್ತಿರಲಿಲ್ಲ.

ಬಿಳಿ ಬಟ್ಟೆಯವಳು ನಿನ್ನ ಚಿಕ್ಕಮ್ಮ, ನನ್ನ ತಂಗಿ. ನೀನು ಹುಟ್ಟುವುದಕ್ಕೆ ಬಹಳ ಮೊದಲೇ ಜ್ವರದಲ್ಲಿ ತೀರಿಕೊಂಡಳು ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು.

ಒಂದು ಭಾನುವಾರ ನಾನು ಅಂಗಳದಲ್ಲಿ ನಿಂತು ಹೊಟ್ಟೆಯ ಮೇಲೆ ಕೈಯಿಂದ ದುಂಡಗೆ ಬರೆದು ತೋರಿಸಿದೆ. ಅವಳಿಗೆ ಅರ್ಥವಾಯಿತು. ಲೆಕ್ಕವಿಲ್ಲದಷ್ಟು ಬಡಿದಳು, ನಕ್ಕಳು, ಕೆಮ್ಮು ಬಂದು ಕುಳಿತುಬಿಟ್ಟಳು. ನಾನು ಅಲ್ಲಿಗೆ ಹೋದದ್ದು ಅದೇ ಕೊನೆ. ಡಾಕ್ಟರು ಬೇಡವೆಂದರು ಎಂದು ನಿನ್ನ ಅಪ್ಪನಿಗೆ ಹೇಳಿದೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ‘ಅಂಗಳಕ್ಕೆ ಬಂದ್ರೆ ಏನೂ ಆಗಲ್ಲಮ್ಮ, ಧೈರ್ಯವಾಗಿ ಬನ್ನಿ’ ಎಂದಿದ್ದರು. ನನಗೆ ಭಯ. ಗಾಳಿಯಲ್ಲೇ ಬಂದು ನಿನಗೆ ತಗುಲಿಬಿಟ್ಟರೆ? ಇವತ್ತು ಹೋಗುವುದು ಬೇಡ, ಮುಂದಿನ ವಾರ ನೋಡೋಣ ಎನ್ನುತ್ತಾ ಆರು ತಿಂಗಳು ತಳ್ಳಿದೆ.

ಅವಳು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ. ವಾರ್ಡಿನ ಆಯಾ ಆಮೇಲೆ ಹೇಳಿದಳು. ‘ಯಾರೂ ಇಲ್ವಲ್ಲೇ, ಯಾರಿಗೆ ಬಡೀತೀಯ?’ ಎಂದು ಕೇಳಿದರೆ, ‘ಅಕ್ಕ ಮರದ ಹಿಂದೆ ನಿಂತಿದಾಳೆ. ಹೊಟ್ಟೆ ಕುಂಬಳಕಾಯಿ ಆಗಿದ್ಯಲ್ಲ, ಈಚೆ ಬರೋಕೆ ನಾಚಿಕೆ ಅವಳಿಗೆ’ ಎನ್ನುತ್ತಿದ್ದಳಂತೆ. ತಟ್ಟೆ ಮುಟ್ಟದ ದಿನವೂ ಮೂರೇ ಬಡಿತ. ಓಗೊಡುವವರಿಲ್ಲದೆ ಕತ್ತಲಾಗುವವರೆಗೆ ನಿಂತಿರುತ್ತಿದ್ದಳು. ಖಾಲಿ ಅಂಗಳಕ್ಕೆ ಗಾಜು ಬಡಿಯುವ ಆ ಹೆಂಗಸನ್ನು ಬೀದಿಯವರು ನೋಡಿ ದೆವ್ವವೆಂದು ಹಬ್ಬಿಸಿದರು. ಆ ಮಾತು ಹುಟ್ಟಿದಾಗ ಅವಳು ಇನ್ನೂ ಉಸಿರಾಡುತ್ತಿದ್ದಳು. ನೀನು ಹುಟ್ಟಿದ ಹನ್ನೊಂದನೇ ದಿನ ಉಸಿರು ನಿಲ್ಲಿಸಿದಳು.

ಊರನ್ನು ಬೈಯಲು ಕೂತವಳು ಎಲ್ಲಿಗೆ ಬಂದೆ ನೋಡು. ಅವಳನ್ನು ದೆವ್ವ ಮಾಡಿದ್ದು ಊರಲ್ಲ, ನಾನು. ನೀನು ಅದಕ್ಕೆ ಅಚ್ಚು ಹಾಕಿಸಿದೆ, ಅಷ್ಟೇ. ನಿನ್ನ ಮೇಲೆ ಇದರ ಭಾರವಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಏನು ಮಾಡೀತು? ಎರಡನೇ ಮುದ್ರಣದಲ್ಲಿ ಆ ಪುಟ ತೆಗೆಯಬೇಡ, ತಿದ್ದು. ‘ಬಲಿಯನ್ನು ಕರೆಯುತ್ತಾಳೆ’ ಎಂಬುದನ್ನು ಹೊಡೆದು ಹಾಕಿ, ‘ಅಕ್ಕನಿಗೆ ಊಟವಾಯಿತೆಂದು ಹೇಳುತ್ತಾಳೆ’ ಎಂದು ಹಾಕು. ಇಷ್ಟು ವರ್ಷ ಬೇರೆಯವರ ಸಾಲು ತಿದ್ದಿದ್ದೇನೆ. ನನ್ನದೆಂದು ಕೇಳುವುದು ಇದೊಂದೇ ಸಾಲು.

ನಿನ್ನ
ಅಮ್ಮ

ಮರೆತಿದ್ದೆ: ಎಲ್ಲಕ್ಕಿಂತ ವಿಚಿತ್ರವೆಂದು ಪುಟದ ಕೊನೆಗೆ ಬರೆದಿದ್ದೀಯಲ್ಲ, ಮೂರು ಬಡಿತದ ನಂತರ ಅಂಗಳದಿಂದ ಕಬ್ಬಿಣದ ಸದ್ದೊಂದು ಉತ್ತರಿಸುತ್ತದೆ, ಹೋಗಿ ನೋಡಿದರೆ ಯಾರೂ ಕಾಣುವುದಿಲ್ಲ ಎಂದು. ಅದನ್ನು ತಿದ್ದಬೇಡ, ಸರಿಯಾಗಿದೆ. ಭಾನುವಾರ ಸಂತೆಗೆಂದು ನಿಮಗೆಲ್ಲ ಹೇಳಿ ನಾನು ಹೋಗುವುದು ಆ ಅಂಗಳಕ್ಕೆ. ಜನ ಬಂದರೆ ಮರದ ಹಿಂದೆ ಸರಿದುಕೊಳ್ಳುತ್ತೇನೆ. ಕೆಳಗಿನ ಬಡಿತ ನನ್ನದು. ಮೇಲಿನ ಮೂರು ಯಾರದೋ ನಾನರಿಯೆ. ಆ ಕಿಟಕಿಗೆ ಈಗ ಗಾಜೇ ಇಲ್ಲ.