ನೀನು ಕಾಯುತ್ತಿದ್ದ ನೀಲಿ ಗೆರೆ

ಸುಧಕ್ಕಾ,

ಕ್ಷೇಮವೇ ಎಂದು ನಿನ್ನನ್ನು ಕೇಳುವಂತಿಲ್ಲ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ.

ಹಿಮಾಯತ್‌ನಗರದ ಆಫೀಸಿಗೆ ನಾನು ಸೇರಿದ ಮೊದಲ ಶನಿವಾರ ನೆನಪಿದೆಯೇ? ನಾನು ಮಾಡಿದ ವೆಬ್ ಪುಟ ನೋಡಲು ಬಂದವಳು ನನ್ನ ಮೌಸನ್ನೇ ಎತ್ತಿ ನಿನ್ನ ಬ್ಯಾಗಿಗೆ ಹಾಕಿಕೊಂಡೆ. “ಇವತ್ತ ಮೌಸಿಗೆ ಒಪ್ಪತ್ತು. ಬರೇ ಟ್ಯಾಬ್ ಒತ್ತಕೋಂತ ಪೂರ್ತಿ ಪುಟ ದಾಟಿ ತೋರ್ಸು.” ಸರಿ ಮೇಡಂ, ನೀವು ಹೇಳಿದಂತೆ ಎಂದೆ. “ಅಕ್ಕಾ ಅನ್ನು. ನೀವು-ಗೀವು ಬ್ಯಾಡ.” ಅಂದಿನಿಂದ ಪ್ರತಿ ಶನಿವಾರ ನಮ್ಮ ಸಾಲಿನ ಮೌಸುಗಳಿಗೆಲ್ಲ ಉಪವಾಸ. ಟ್ಯಾಬ್ ಒತ್ತಿದಂತೆಲ್ಲ ಒಂದು ನೀಲಿ ಗೆರೆ ಬಟನ್‌ನಿಂದ ಬಟನ್‌ಗೆ ಹೋಗಿ, ನಾವು ಈಗ ಎಲ್ಲಿದ್ದೇವೆ ಎಂದು ತೋರಿಸುತ್ತಿತ್ತು. ಚಂದಕ್ಕೆ ಅಡ್ಡ ಎಂದು ಯಾರಾದರೂ ಪುಟದ ತೋರಿಕೆಯನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅದನ್ನು ಅಳಿಸಿದರೆ ನಿನ್ನ ಬಾಯಿಗೆ ಸಿಕ್ಕು ಬದುಕಿದವರಿಲ್ಲ.

ನಿನಗೇಕೆ ಅಷ್ಟು ಸಿಟ್ಟು ಎಂದು ನನಗೆ ತಿಳಿದದ್ದು ಮಿಯಾಪುರದ ನಿಮ್ಮ ಮನೆಗೆ ಊಟಕ್ಕೆ ಬಂದ ದಿನ. ವಸಂತ ಭಾವನ ಕೈ ಚಹಾದ ಬಸಿಯನ್ನೂ ಹಿಡಿಯದಷ್ಟು ನಡುಗುತ್ತಿತ್ತು. ಮೌಸ್ ಎಲ್ಲಿಂದ ಹಿಡಿದಾರು? ಕರೆಂಟ್ ಬಿಲ್ಲು, ಕಾಚಿಗೂಡದಿಂದ ಊರಿಗೆ ಹೋಗುವ ರೈಲಿನ ಟಿಕೆಟ್ಟು, ಎಲ್ಲವನ್ನೂ ಟ್ಯಾಬ್ ಒತ್ತಿಯೇ ಮಾಡುವುದನ್ನು ನೀನು ಕಲಿಸಿದ್ದೆ. ಆ ಗೆರೆಯೇ ಅವರ ಊರುಗೋಲು.

ನೀನು ಹೋದ ಮೇಲೆ ಭಾವನಿಗೆ ಡಯಾಲಿಸಿಸ್ ಶುರುವಾಯಿತು. ಅದೂ ನಿನಗೆ ಗೊತ್ತಿಲ್ಲ... ಅವರು ಹೋಗುವ ಆಸ್ಪತ್ರೆಯ ಬುಕಿಂಗ್ ಪುಟವನ್ನು ಹೊಸದಾಗಿ ಮಾಡುವ ಕೆಲಸ ನಮ್ಮ ಆಫೀಸಿಗೇ ಬಂತು. ಆಸ್ಪತ್ರೆಯವರಿಗೆ ಅದನ್ನು ತೋರಿಸುವ ಡೆಮೊದ ಹಿಂದಿನ ದಿನ ಹೊಸ ಮ್ಯಾನೇಜರು ಪರದೆ ನೋಡಿ ಮುಖ ಸಿಂಡರಿಸಿದರು. “ಯೇ ನೀಲಾ ಡಬ್ಬಾ ಕ್ಯಾ ಹೈ? ತೀಸೇಯಂಡಿ!” ಆ ನೀಲಿ ಗೆರೆ ತೆಗೆಯುವುದಿಲ್ಲ ಎಂದೆ. ಬೇರೆಯವರಿಂದ ತೆಗೆಸಿದರು, ಡೆಮೊ ಮುಗಿಯುವವರೆಗೆ ಮಾತ್ರ ಎಂದರು. ಅಷ್ಟು ಸಾಲದೆಂದು ಸಿಎಸ್‌ಎಸ್‌ನಲ್ಲೇ ಎರಡು ಬಟನ್‌ಗಳ ಜಾಗ ಅದಲುಬದಲು ಮಾಡಿಸಿದರು. ಈಗ ಕಣ್ಣಿಗೆ ಮೊದಲು ಕಾಣುವುದು ‘ಖಚಿತಪಡಿಸಿ’. ಟ್ಯಾಬ್ ಮಾತ್ರ ಹಳೆಯ ಕ್ರಮದಲ್ಲೇ ಹೋಗಿ ಮೊದಲು ‘ರದ್ದುಮಾಡಿ’ಯ ಮೇಲೆ ನಿಲ್ಲುತ್ತದೆ. ಗೆರೆಯೇ ಇಲ್ಲದ ಮೇಲೆ ಅದು ಯಾರಿಗೆ ಗೊತ್ತಾಗಬೇಕು? ಶನಿವಾರದ ಒಪ್ಪತ್ತಿದ್ದಿದ್ದರೆ ಒಂದೇ ಗಳಿಗೆಯಲ್ಲಿ ಸಿಕ್ಕಿಬೀಳುತ್ತಿತ್ತು. ಅದನ್ನು ನಿಲ್ಲಿಸಿ ಬಹಳ ದಿನವಾಯಿತು, ಅಕ್ಕ.

ಇವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಆ ಪುಟವನ್ನು ಹಾಗೆಯೇ ಜನರ ಬಳಕೆಗೆ ಬಿಟ್ಟರು. ಮಧ್ಯಾಹ್ನ ಭಾವನ ಫೋನು, ದನಿ ತುಂಬ ಖುಷಿ.

“ನಾಳಿಂದು ಬುಕ್ ಆತವಾ! ಹೊಸಾ ಪುಟ ಐತಿ. ಟ್ಯಾಬ್ ಹೊಡದೆ, ಎಂಟರ್ ಹೊಡದೆ, ಮುಗೀತು. ಸುಧಾ ಕಲಿಸಿದ್ದು ಮರ್ತಿಲ್ಲ ನೋಡು.”

“ಆಮ್ಯಾಲ ಏನು ಬಂತ್ರಿ ಭಾವ?”

“ಏನೋ ಬೂದಿ ಬಣ್ಣದಾಗ ಸಣ್ಣ ಅಕ್ಷರ ಬಂತು. ನನಗ ಓದಾಕ ಆಗಲಿಲ್ಲ. ಆಗಿರತೈತಿ ಬಿಡು.”

ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಭಾವನಿಗೆಂದು ಹಿಡಿದಿಟ್ಟಿದ್ದ ನಾಳಿನ ಜಾಗ ರದ್ದಾಗಿ, ಆಗಲೇ ಬೇರೆಯವರ ಪಾಲಾಗಿತ್ತು. ನಾಳೆ ಬಂದು ಕೂತಿರಿ, ಯಾರಾದರೂ ಬರದಿದ್ದರೆ ನೋಡೋಣ ಎಂದರು. ಯಾರಾದರೂ ಬರದಿದ್ದರೆ! ಹೋದ ವಾರವೇ ಭಾವನ ಕಾಲು ಬಾತಿದ್ದವು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ದಿಂಬಿಗೊರಗಿ ಕೂತೇ ರಾತ್ರಿ ಕಳೆಯುತ್ತಾರಂತೆ. ನನಗೆ ಭಯವಾಗುತ್ತಿದೆ.

ಸಂಜೆ ಯಾರ ಅಪ್ಪಣೆಯೂ ಇಲ್ಲದೆ ಗೆರೆಯನ್ನು ಮತ್ತೆ ಹಾಕಿದೆ, ಬಟನ್‌ಗಳನ್ನೂ ಅವುಗಳ ಜಾಗಕ್ಕೆ ತಂದೆ. ಮ್ಯಾನೇಜರ ಫೋನು ಬಡಿದುಕೊಳ್ಳುತ್ತಲೇ ಇದೆ. ಬಡಿದುಕೊಳ್ಳಲಿ. ಆದರೆ ಬೆಳಿಗ್ಗೆಯಿಂದ ಇನ್ನೆಷ್ಟು ಜನ ಹೀಗೆ ಖುಷಿಯಿಂದ ಎಂಟರ್ ಒತ್ತಿದ್ದಾರೋ...

ಈಗ ಮಿಯಾಪುರಕ್ಕೆ ಹೊರಟಿದ್ದೇನೆ. ನಾಳೆ ನಸುಕಿಗೆ ಭಾವನ ಜೊತೆ ಆಸ್ಪತ್ರೆಯ ಬಾಗಿಲಲ್ಲಿ ನಾನಿರುತ್ತೇನೆ, ಜಾಗ ಸಿಗುವವರೆಗೂ ಏಳುವುದಿಲ್ಲ. ಇದು ನನ್ನ ಮಾತು. ಅಲ್ಲಿಯವರೆಗೆ ನೀನೊಂದು ಉಪಕಾರ ಮಾಡು. ಎಷ್ಟೇ ಬೇಸರವಾದರೂ, ಅವರನ್ನು ನಿನ್ನ ಕಡೆಗೆ ಕರೆಯಬೇಡ, ಅಕ್ಕಾ. ಇನ್ನೂ ಬೇಡ.