ಕೊರಳಲ್ಲಿದ್ದ ಮೈಕ್

ನವೆಂಬರ್ 3, ಸೋಮವಾರ

ಶಾಲೆಯಿಂದ ಬಂದಾಗ ನಾಲ್ಕೂವರೆ. ಎಲ್‌ಕೆಜಿ ಮಕ್ಕಳಿಗೆ ಬೆಳಗ್ಗಿನಿಂದ "ಇನ್ನೊಮ್ಮೆ ಹೇಳಿ" ಎಂದು ಕಿರುಚಿ ತಲೆನೋವು. ಮನೆಗೆ ಬಂದರೆ ಅಮ್ಮನಿಗೂ ಅದೇ ಪಾಠ. ಇವತ್ತು ಆರು ವಾಕ್ಯ, ಒಟ್ಟು ಹದಿನಾಲ್ಕು. 24ಕ್ಕೆ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಅಷ್ಟರೊಳಗೆ ದಿನಬಳಕೆಯ ಐವತ್ತು ವಾಕ್ಯ ಅವಳ ದನಿಯಲ್ಲೇ ರೆಕಾರ್ಡ್ ಮಾಡಿಡಿ, ಆಮೇಲೆ ಫೋನ್ ಒತ್ತಿ ಮಾತಾಡಬಹುದು ಎಂದಿದ್ದಾರೆ ಆಸ್ಪತ್ರೆಯ ಸ್ಪೀಚ್ ಥೆರಪಿ ಮೇಡಂ.

ನಾನು ಓದಬೇಕು, ಅಮ್ಮ ಹೇಳಬೇಕು. ಫೋನು ಅವಳ ಎದುರು, ಸಕ್ಕರೆ ಡಬ್ಬಿಗೆ ಒರಗಿಸಿ. ಪರದೆಯ ಮೇಲೆ ಗೆರೆ ಕುಣಿಯುತ್ತದೆ. ಸೇವ್. ಮುಂದಿನದು. ಪ್ಲೇ ಮಾಡಲು ಅಮ್ಮ ಬಿಡುವುದಿಲ್ಲ.

"ಬ್ಯಾಡ ಹೆಣೆ. ಆ ಕಾಗೆ ಸ್ವರ ನಂಗೆ ಕೇಂಬುಕೆ ಆತಿಲ್ಲೆ."

ನನಗೂ ಸಂಜೆಯಾದ ಮೇಲೆ ಯಾರ ದನಿಯೂ ಬೇಡ.

ನವೆಂಬರ್ 6, ಗುರುವಾರ

ತಮ್ಮ ಶೈಲೇಶನ ಕಾಲ್ ಬಂತು. ಮೀನುಗಾರಿಕೆ ಬೋಟಿನಲ್ಲಿದ್ದಾನೆ, ದಡದ ಹತ್ತಿರ ಬಂದರೆ ಮಾತ್ರ ಸಿಗ್ನಲ್. ಆ ಎರಡು ನಿಮಿಷ ತಪ್ಪಬಾರದೆಂದೇ ಈ ಬ್ಲೂಟೂತ್ ನೆಕ್‌ಬ್ಯಾಂಡ್ ಇಡೀ ದಿನ ನನ್ನ ಕುತ್ತಿಗೆಯಲ್ಲಿ. "ಅಮ್ಮ ಹ್ಯಾಂಗಿತ್ತ್?" ಎಂದ. "ಹಂಗೇ ಇತ್ತ್" ಎಂದೆ. ಕಟ್ಟಾಯಿತು.

ಅಮ್ಮ ಇವತ್ತು ಪಟ್ಟಿಯ ಮೇಲೆ ಜಗಳ ತೆಗೆದಳು.

"ನೀರ್ ಬೇಕ್, ನೋವಾತ್ತ್... ಇಷ್ಟೇಯಾ? ನಾ ಇಷ್ಟೇ ಮಾತಾಡುದಾ?"

ಮೂವತ್ತು ವರ್ಷ ಉಪ್ಪುಂದದಿಂದ ಬಸ್ಸು ಹತ್ತಿ ವಂಡ್ಸೆಯ ಮನೆಮನೆಗೆ ಬಂಗಡೆ ಮಾರಿದ ಬಾಯಿ ಅದು. ಎಂತ ಸೇರಿಸುವುದು, ನೀನೇ ಹೇಳು ಎಂದೆ. ತುಂಬಾ ಹೊತ್ತು ಯೋಚಿಸಿದಳು.

"ಉಂಡ್ಯಾ? ಅದ್ ಬರಿ."

ಇಪ್ಪತ್ತೆರಡನೆಯದು ಅದು. ಓದಿದೆ, ಹೇಳಿದಳು, ಸೇವ್.

ನವೆಂಬರ್ 14, ಶುಕ್ರವಾರ

ಮಕ್ಕಳ ದಿನಾಚರಣೆ. ಫ್ಯಾನ್ಸಿ ಡ್ರೆಸ್. ನಾಲ್ಕು ಜನ ಅತ್ತರು, ಒಬ್ಬ ನನ್ನ ಸೀರೆಯ ಮೇಲೆ ವಾಂತಿ ಮಾಡಿದ. ಮನೆಗೆ ಬಂದು ಸೀರೆ ನೆನೆಸಿ ರೆಕಾರ್ಡಿಂಗ್‌ಗೆ ಕುಳಿತೆ. ಮೂವತ್ತೊಂದನೆಯ ವಾಕ್ಯ. ಐದು ಸಲವಾದರೂ ಅಮ್ಮನ ಬಾಯಿಂದ ಬರೀ ಗಾಳಿ.

"ಎಷ್ಟ್ ಸಲ ಹೇಳೂದ್ ನಿಂಗೆ? ಬಾಯಿ ಬಿಟ್ಟ್ ಹೇಳ್."

ಹೇಳಿಬಿಟ್ಟೆ. ಮಕ್ಕಳಿಗೆ ಹೇಳಿದ ಹಾಗೆಯೇ. ಅಮ್ಮ ನನ್ನ ಮುಖ ನೋಡಿದಳು.

"ವಂಡ್ಸೆಲಿ ನನ್ ಬಾಯಿಗೆ ಹೆದ್ರಿ ಜನ ಚೌಕಾಶಿ ಬಿಟ್ಟಿದ್ರ್. ಈಗ ನಂಗೇ ಬಾಯಿ ಬಿಡುಕೆ ಹೇಳ್ತ್ಯಾ..."

ತಪ್ಪಾಯ್ತು ಎನ್ನಬೇಕಿತ್ತು. ಎನ್ನಲಿಲ್ಲ. ಮೂವತ್ತೊಂದಕ್ಕೆ ನಾನು ಬೈದದ್ದೇ ಸೇವ್ ಆಗಿದೆ. ನಾಳೆ ಅಳಿಸಬೇಕು.

ನವೆಂಬರ್ 19, ಬುಧವಾರ, ಆಸ್ಪತ್ರೆ

ಸೋಮವಾರ ಮಧ್ಯಾಹ್ನ ಅಮ್ಮನಿಗೆ ಉಸಿರು ಕಟ್ಟಿತು. ಆಂಬ್ಯುಲೆನ್ಸ್. ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದರು. ಜೀವ ಉಳಿಯಿತು. ದನಿ ಮುಗಿಯಿತು ಎಂದರು ಡಾಕ್ಟರು. 24ರವರೆಗೂ ಕಾಯಲಿಲ್ಲ ಅದು.

ನಲವತ್ಮೂರು ವಾಕ್ಯವಾದರೂ ಆಗಿದೆಯಲ್ಲ. ಅದೊಂದೇ ಸಮಾಧಾನ.

ನವೆಂಬರ್ 20, ಬೆಳಗ್ಗೆ

ವಾರ್ಡಿನ ಹೊರಗೆ ಕುಳಿತು ಮೊದಲನೆಯದು ಪ್ಲೇ ಮಾಡಿದೆ. "ನೀರ್ ಬೇಕ್" — ನನ್ನ ದನಿ, ಗಟ್ಟಿಯಾಗಿ. ಆಮೇಲೆ ಪಕ್ಕದ ಮನೆಯಲ್ಲಿ ಯಾರೋ ಗೊಣಗಿದ ಹಾಗೆ ಏನೋ. ಅದು ಅಮ್ಮ. ಎರಡನೆಯದೂ ಹಾಗೇ. ನಲವತ್ಮೂರೂ ಹಾಗೇ.

ಬೈಂದೂರಿನ ಮೊಬೈಲ್ ಅಂಗಡಿಯ ರತನ್‌ಗೆ ಫೋನ್ ಮಾಡಿದೆ.

"ಅಕ್ಕ, ನೆಕ್‌ಬ್ಯಾಂಡ್ ಕನೆಕ್ಟ್ ಇತ್ತಾ ಆಗ?"

"ಇತ್ತ್. ಕುತ್ತಿಗೆಲೇ ಇತ್ತ್."

"ಹಂಗಾರೆ ಆ್ಯಪ್ ನೆಕ್‌ಬ್ಯಾಂಡ್ ಮೈಕನ್ನೇ ತಕಂಡಿತ್ತ್. ಕೇಂಬುದ್ ನೆಕ್‌ಬ್ಯಾಂಡಲ್ಲಿ, ಮೈಕ್ ಫೋನಿಂದ್ — ಬೇರೆ ಬೇರೆ ಇಡುಕಾತ್ತ್. ಸೆಟ್ಟಿಂಗ್ ಇತ್ತಲೆ ಅಕ್ಕ."

ಒಂದು ಸೆಟ್ಟಿಂಗ್. ಫೋನು ಅಮ್ಮನ ಬಾಯಿಯ ಎದುರಿತ್ತು, ಕಿವಿ ಮಾತ್ರ ನನ್ನ ಕೊರಳಲ್ಲಿತ್ತು. ಗೆರೆ ಕುಣಿದದ್ದು ನನ್ನ ದನಿಗೆ. ಒಂದು ಸಲ, ಒಂದೇ ಸಲ ಪ್ಲೇ ಮಾಡಿ ಕೇಳಿದ್ದರೆ... ನನ್ನ ಮೇಲೇ ಅಸಹ್ಯ. ನೆಕ್‌ಬ್ಯಾಂಡ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ತುರುಕಿದೆ.

ಸಂಜೆ

ಅಮ್ಮ ಕೈಸನ್ನೆ ಮಾಡಿ ಫೋನ್ ಕೇಳಿದಳು. ಸುಳ್ಳು ಹೇಳಲು ಶಕ್ತಿ ಇರಲಿಲ್ಲ. ಎಲ್ಲ ಹೇಳಿದೆ, ಅಳುತ್ತಲೇ. ನಂಬರು ಹಾಕಿದ ಪಟ್ಟಿ ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಒತ್ತಿ ಕೇಳಿದಳು. ಮೂವತ್ತೊಂದು ಬಂತು. "ಎಷ್ಟ್ ಸಲ ಹೇಳೂದ್ ನಿಂಗೆ?" ನಾನು ಕಿಟಕಿ ಕಡೆ ತಿರುಗಿದೆ. ತಿರುಗಿ ನೋಡಿದರೆ ಅಮ್ಮನ ಭುಜ ಅಲುಗುತ್ತಿದೆ. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು, ಸದ್ದಿಲ್ಲದೆ.

ನವೆಂಬರ್ 21, ಶುಕ್ರವಾರ

ನರ್ಸ್ ದಿವ್ಯಾ ಬಂದಳು. "ಪುಷ್ಪಕ್ಕ, ನೋವಿತ್ತಾ?" ಅಮ್ಮ ಇಲ್ಲ ಎಂದು ತಲೆಯಾಡಿಸಿದಳು. ದಿವ್ಯಾ ಬರೆದುಕೊಳ್ಳುತ್ತಾ ಮತ್ತೆ ಕೇಳಿದಳು. ಅಮ್ಮ ಫೋನ್ ಎತ್ತಿ ಮೂವತ್ತೊಂದು ಒತ್ತಿದಳು.

"ಎಷ್ಟ್ ಸಲ ಹೇಳೂದ್ ನಿಂಗೆ? ಬಾಯಿ ಬಿಟ್ಟ್ ಹೇಳ್."

ದಿವ್ಯಾ ಬೆಚ್ಚಿ ನನ್ನನ್ನು ನೋಡಿದಳು. ನಾನು ತುಟಿ ಪಿಟಕ್ ಎಂದಿರಲಿಲ್ಲ. ಪಕ್ಕದ ಬೆಡ್ಡಿನವರೂ ನಕ್ಕರು. ಅಮ್ಮನ ಮುಖದಲ್ಲಿ ವಂಡ್ಸೆಯ ಮೀನಿನ ಪುಷ್ಪ — ಎಷ್ಟು ದಿನವಾಗಿತ್ತು ನೋಡಿ.

ಅಳಿಸಲಾ ಎಂದೆ. ಫೋನನ್ನು ದಿಂಬಿನಡಿಗೆ ತಳ್ಳಿದಳು.

ನವೆಂಬರ್ 23, ಭಾನುವಾರ, ಮಧ್ಯಾಹ್ನ ಮೂರು

ನಾಳೆ ಆಪರೇಷನ್. ಶೈಲೇಶನ ಬೋಟ್ ಮಲ್ಪೆಗೆ ಬರುವುದು ಇವತ್ತೋ ನಾಳೆಯೋ. ಕಾಲ್ ಬರಬಹುದೆಂದು ನೆಕ್‌ಬ್ಯಾಂಡ್ ಮತ್ತೆ ಹಾಕಿಕೊಂಡಿದ್ದೇನೆ. ಬೆಳಗ್ಗಿನಿಂದ ಫಾರಂ, ಸಹಿ, ರಕ್ತಕ್ಕೆ ಓಡಾಟ. ಈಗ ಸ್ಟೂಲಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಫೋನು ಅಮ್ಮನ ಕೈಯಲ್ಲಿ. ಮಲಗಿದ್ದಾಳೆ ಅಂದುಕೊಂಡಿದ್ದೆ.

ಕಿವಿಯೊಳಗೆ ದನಿ. "ಉಂಡ್ಯಾ?"

ನನ್ನದೇ ದನಿ. ವಾರ್ಡಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ತಲೆ ಎತ್ತಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದಾಳೆ, ಬೆರಳು ಇಪ್ಪತ್ತೆರಡರ ಮೇಲೆ. ಇಲ್ಲ ಎಂದು ತಲೆಯಾಡಿಸಿದೆ. ಮತ್ತೆ ಒತ್ತಿದಳು. ಈ ಸಲ ಕೊನೆಯವರೆಗೂ ಕೇಳಿದೆ. ನನ್ನ ದನಿಯ ಹಿಂದೆ, ದೂರದಲ್ಲಿ, ಅವಳದೂ ಇದೆ.

ಬರೆದು ಮುಗಿಸಿ ಉಣ್ಣುತ್ತೇನೆ ಎಂದರೆ ಒಪ್ಪುತ್ತಿಲ್ಲ. ಬೆರಳು ಮೂವತ್ತೊಂದರ ಕಡೆ ಹೋಗುತ್ತಿದೆ. ಏಳಬೇಕು. ಕ್ಯಾಂಟೀನ್‌ನಲ್ಲಿ ಊಟ ಇನ್ನೂ —