ತೂತು ಯಾರ ಮೇಲೆ ಬೀಳಬೇಕು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಸೊಸೆಗೆ,

(ಹೌದು, ಸೊಸೆ ಎಂದೇ ಬರೆದಿದ್ದೇನೆ. ಓದಿ ಹುಬ್ಬು ಗಂಟಿಕ್ಕಬೇಡ.)

ಚೆನ್ನಾಗಿದ್ದೀಯಾ? ಬೆನ್ನುನೋವು ಹೇಗಿದೆ? ಕುರ್ಚಿಯಲ್ಲಿ ಕೂತು ಕೆಲಸ ಮಾಡುವಾಗ ಸೊಂಟದ ಹಿಂದೆ ದಿಂಬು ಇಟ್ಟುಕೋ ಎಂದಿದ್ದೆ. ಇಟ್ಟುಕೊಂಡಿರುವುದಿಲ್ಲ, ನನಗೆ ಗೊತ್ತು. ನೀನು ಫೋನಿನಲ್ಲಿ ಹೂಂ ಎಂದರೆ ಊಹೂಂ ಎಂದೇ ಲೆಕ್ಕ. ನಾನು ಗಟ್ಟಿಯಾಗಿದ್ದೇನೆ. ಮಂಡಿಗಳು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತವೆ. ಸೂಜಿಗೆ ದಾರ ಪೋಣಿಸಲು ನನಗೆ ಕನ್ನಡಕ ಬೇಡ ಎಂದು ಎಲ್ಲರ ಮುಂದೆ ಜಂಬ ಕೊಚ್ಚುತ್ತೇನೆ, ಯಾರೂ ಇಲ್ಲದಾಗ ಹಾಕಿಕೊಳ್ಳುತ್ತೇನೆ. ಹೊಲಿಗೆ ಬಿಟ್ಟಿಲ್ಲ. ಎದುರುಮನೆಯವರ ಕಿಟಕಿ ಪರದೆಗಳು ಈಗಲೂ ಮೆಷಿನ್ನಿನ ಮೇಲೆ ರಾಶಿ ಬಿದ್ದಿವೆ. ಅವನ್ನು ಬದಿಗೆ ತಳ್ಳಿ ಅಲ್ಲೇ ಈ ಕಾಗದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಪರದೆಯನ್ನು ಬಯ್ಯಿ.

ಮೊನ್ನೆ ಫೋನಿನಲ್ಲಿ ನೀನು, "ಅತ್ತೆ, ಆ ಡಿಸ್ಕ್ ಮೇಲೆ ನನ್ನ ಫೋಟೋ ಹಾಕ್ಬೇಡಿ. ನನ್ನಿಂದ ನಿಮ್ಮನೇಲಿ ಜಗಳ ಆಗೋದು ಬೇಡ" ಎಂದೆ. ನಿಮ್ಮನೇಲಿ ಎಂದೆಯಲ್ಲ, ಅದಕ್ಕೆ ನನ್ನ ಕರುಳು ಚುರುಕ್ ಎಂದಿತು. ಆಗಲೇ ಬಯ್ಯಬೇಕೆಂದಿದ್ದೆ. ಆದರೆ ಫೋನಿನಲ್ಲಿ ನಾನು ಜೋರು ಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕರಗಿ ನೀರಾಗಿ ಎಲ್ಲದಕ್ಕೂ ಆಯಿತು ಎಂದುಬಿಡುತ್ತೇನೆ. ಕಾಗದದಲ್ಲಿ ಆ ಅಪಾಯ ಇಲ್ಲ. ಇಲ್ಲಿ ನಾನು ಹೇಳಿದ್ದೇ ಕೊನೆ. ಆದ್ದರಿಂದ ಪೂರ್ತಿ ಓದು, ನಡುವೆ ಮಡಚಿ ಇಡಬೇಡ.

ಈ ತಿಂಗಳ ಕೊನೆಯ ಭಾನುವಾರಕ್ಕೆ ನಮ್ಮವನು, ನನ್ನ ಕಿರಿಮಗ, ತೀರಿಹೋಗಿ ಮೂರು ವರ್ಷ ತುಂಬುತ್ತದೆ. ಆ ದಿನ ಬಂಧುಗಳನ್ನೆಲ್ಲ ಕರೆದು, ಅವನು ಮನೆಯಲ್ಲಿ ತೆಗೆದ ವಿಡಿಯೋಗಳನ್ನು ಮುಂದಿನ ಕೋಣೆಯ ಟಿವಿಯಲ್ಲಿ ಹಾಕಿ, ಹೊರಡುವಾಗ ಎಲ್ಲರಿಗೂ ಒಂದೊಂದು ಡಿಸ್ಕ್ ಕೊಡೋಣ ಎಂದವನು ದೊಡ್ಡವನೇ. ಒಳ್ಳೆಯ ಯೋಚನೆ. ನನ್ನ ಹಿರಿಮಗ ಕೆಟ್ಟವನಲ್ಲ, ನಿನಗೂ ಗೊತ್ತು. ತಮ್ಮನ ಹಾಸಿಗೆ ಪಕ್ಕದಲ್ಲಿ ನೀನು ಕಣ್ಣು ಮುಚ್ಚದೆ ಕೂತದ್ದನ್ನು ಅವನೂ ನೋಡಿದ್ದಾನೆ. ಆದರೆ ಹೋದ ವರ್ಷ ನೀನು ಮರುಮದುವೆಯಾದೆ ಎಂಬುದನ್ನು ಅವನಿಂದ ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಸಾವಿನ ಜೊತೆ ಜಗಳ ಆಡಲು ಬರುವುದಿಲ್ಲವಲ್ಲ, ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ. ನನಗೆ ಅರ್ಥವಾಗುತ್ತದೆ. ಅರ್ಥವಾಯಿತು ಎಂದು ಸುಮ್ಮನಿರುತ್ತೇನೆ ಎಂದು ಮಾತ್ರ ಅವನು ತಿಳಿಯಬಾರದು.

ಮೊದಲು ಅವನು ಮಾಡಿದ್ದು ಇದು. ಹಳೆಯ ಡಿಸ್ಕುಗಳ ಮೇಲೆ ನಿನ್ನ ಕೈಬರಹದ ಗುಂಡು ಗುಂಡು ಕಾಗದದ ಲೇಬಲ್ ಅಂಟಿಸಿದ್ದಿರಲ್ಲ, "ಅತ್ತೆಯ ಸೈಕಲ್ ಸಾಹಸ", "ಮಾಳಿಗೆಯ ಮೇಲೆ ಬಟ್ಟೆ" ಎಂದೆಲ್ಲ, ಅವನ್ನು ಕೂತು ಉಗುರಿನಿಂದ ಕಿತ್ತ. ಅರ್ಧ ಬಂತು, ಅರ್ಧ ಉಳಿಯಿತು. ಅದನ್ನು ಪ್ಲೇಯರಿಗೆ ಹಾಕಿದರೆ ಒಳಗೆ ಗಡಗಡ ಸದ್ದು, ಚಿತ್ರ ನಿಂತು ನಿಂತು ಬರುತ್ತಿತ್ತು. ಒಂದು ಕಡೆ ಭಾರ, ಒಂದು ಕಡೆ ಹಗುರ ಆದರೆ ಡಿಸ್ಕ್ ನೆಟ್ಟಗೆ ತಿರುಗುವುದಿಲ್ಲವಂತೆ. ನನ್ನ ಸೈಕಲ್ಲಿನ ಹಿಂದೆ ಸೀಟು ಹಿಡಿದು ನೀನು ಓಡಿಬರುತ್ತಿರುವಾಗಲೇ ಚಿತ್ರ ಗಕ್ಕನೆ ನಿಂತಿತು. ನೀನು ಒಂದು ಕಾಲು ಎತ್ತಿಕೊಂಡು, ಬಾಯಿ ತೆರೆದುಕೊಂಡು, ಅಲ್ಲೇ. ದೊಡ್ಡವನು ರಿಮೋಟ್ ಒತ್ತಿದ, ಟಿವಿ ತಟ್ಟಿದ, ಜಗ್ಗಲಿಲ್ಲ ನೀನು. ನನಗೆ ಒಳಗೊಳಗೇ ನಗು. ಪ್ರಿಂಟರಿನ ಯೋಚನೆ ಬಂದದ್ದು ಆಗಲೇ. ಅಂಟಿಸಿದರೆ ತಾನೆ ಕೀಳುತ್ತಾರೆ? ಡಿಸ್ಕಿನ ಮೈಮೇಲೇ ಅಚ್ಚು ಹಾಕಿದರೆ?

ನಮ್ಮವನು ಬಿಟ್ಟುಹೋದ ಇಂಕ್‌ಜೆಟ್ ಪ್ರಿಂಟರ್ ಮಂಚದ ಕೆಳಗೆ ಬಟ್ಟೆ ಹೊದ್ದು ಮಲಗಿತ್ತು. ಡಿಸ್ಕ್ ಕೂರಿಸುವ ಕರೀ ತಟ್ಟೆ ಡಬ್ಬದಲ್ಲೇ ಇತ್ತು. ಇಂಕು ಒಣಗಿತ್ತು, ಹೊಸದು ತರಿಸಿದೆ. ಮೊದಲ ದಿನ ನಾನು ಮಾಡಿದ ಘನಕಾರ್ಯ ಕೇಳು. ಮನೆಯಲ್ಲಿದ್ದ ಹೊಳೆಯುವ ಮಾಮೂಲಿ ಡಿಸ್ಕನ್ನೇ ತಟ್ಟೆಯಲ್ಲಿ ಕೂರಿಸಿ ಒಳಗೆ ಕಳಿಸಿದೆ. ಚಿತ್ರವೇನೋ ಬಂತು. ಒಣಗಲಿ ಎಂದು ಕಾದೆ, ಕಾದೆ, ಒಣಗಲೇ ಇಲ್ಲ. ಬೆರಳು ತಾಗಿದ್ದೇ ತಡ, ನಮ್ಮವನ ಮೀಸೆ ಜಾರಿ ಗಲ್ಲಕ್ಕೆ ಬಂತು. ಆ ಬೆರಳನ್ನು ಮರೆತು ಎದುರುಮನೆಯವರ ಬಿಳಿ ಪರದೆಗೆ ಒರೆಸಿದೆ. (ಆ ಜಾಗವನ್ನು ಮಡಿಕೆಯ ಒಳಗೆ ಸೇರಿಸಿ ಹೊಲಿದಿದ್ದೇನೆ, ಬಾಯಿಬಿಡಬೇಡ.) ಕಂಪ್ಯೂಟರ್ ಅಂಗಡಿಯವನು, "ಬಿಳೀ ಮೈ ಇರೋ ಡಿಸ್ಕೇ ಬೇಕಮ್ಮಾ, ಅದ್ರ ಮೇಲೆ ಇಂಕು ಹೀರ್ಕೊಳ್ಳೋ ಲೇಪ ಇರುತ್ತೆ. ಮೊದ್ಲು ವಿಡಿಯೋ ತುಂಬಿ, ಆಮೇಲೆ ಪ್ರಿಂಟ್ ಹಾಕಿ, ಒಂದು ದಿನ ಮುಟ್ಟಬೇಡಿ" ಎಂದು ಹೇಳಿ ಒಂದು ಕಟ್ಟು ಕೊಟ್ಟ. ಹತ್ತಿ ಬಟ್ಟೆ ಬಣ್ಣ ಹೀರುತ್ತದೆ, ನೈಲಾನ್ ಹೀರುವುದಿಲ್ಲ, ಇದೂ ಹಾಗೇ ಎಂದು ಅರ್ಥಮಾಡಿಕೊಂಡೆ.

ನಾನು ಪ್ರಿಂಟರ್ ಎಬ್ಬಿಸಿದ್ದು ನೋಡಿ ದೊಡ್ಡವನು, "ಡಿಸೈನ್ ನಾನು ಮಾಡ್ತೀನಿ ಬಿಡಮ್ಮಾ" ಎಂದ. ಫೋಟೋ ಹುಡುಕಿದ. ಕ್ಯಾಮರಾ ಹಿಡಿಯುವವನ ಫೋಟೋ ಯಾರು ತೆಗೆಯುತ್ತಾರೆ? ನಮ್ಮವನು ಇರುವ ಒಳ್ಳೆಯ ಫೋಟೋ ಅದೊಂದೇ, ಹೊಸ್ತಿಲಿನ ಮುಂದೆ ದೊಡ್ಡ ಸೊಸೆ ತೆಗೆದದ್ದು. ಎಡಗಡೆ ದೊಡ್ಡವನು, ಅವನ ಪಕ್ಕ ತಮ್ಮ, ತಮ್ಮನ ತೋಳಿನೊಳಗೆ ನೀನು, ಬಲತುದಿಗೆ ನಾನು. ನಿನ್ನನ್ನು ಕತ್ತರಿಸೋಣ ಎಂದರೆ ತಮ್ಮನ ತೋಳೂ ಹೋಗುತ್ತದೆ. ಇನ್ನೇನು ಮಾಡುತ್ತಾನೆ ಎಂದು ನಾನು ಪರದೆ ಹೊಲಿಯುತ್ತಾ ನೋಡುತ್ತಿದ್ದೆ. ಸಂಜೆ ಮೊದಲನೆಯ ಡಿಸ್ಕ್ ತಂದು ಕೈಗಿಟ್ಟ. ಡಿಸ್ಕಿನ ನಡುವೆ ತೂತು ಇರುತ್ತದಲ್ಲ, ಆ ತೂತು ಸರಿಯಾಗಿ ನಿನ್ನ ಮುಖದ ಮೇಲೆ. ಕುತ್ತಿಗೆಯಲ್ಲಿ ಸರ ಇದೆ, ಹೆಗಲ ಮೇಲೆ ಅವನ ಕೈ ಇದೆ, ತಲೆ ಇದ್ದ ಕಡೆ ಗಾಳಿ. ನಾನು ತಲೆಯೆತ್ತಿ ನೋಡಿದರೆ, "ಏನ್ಮಾಡೋಕಾಗುತ್ತಮ್ಮಾ, ಡಿಸ್ಕ್ ಅಂದ್ಮೇಲೆ ನಡುವೆ ತೂತು ಇರ್ಲೇಬೇಕಲ್ಲ" ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಪ್ರಿಂಟರನ್ನು ನೋಡಿದ.

ಮೈಯೆಲ್ಲ ಉರಿದುಹೋಯಿತು ಕಣೇ. ನಿನ್ನನ್ನು ಬೇಡ ಎಂದಿದ್ದರೆ ಎದುರಿಗೆ ನಿಂತು ಜಗಳ ಆಡುತ್ತಿದ್ದೆ. ಬೇಡ ಎನ್ನದೆ, ತಪ್ಪನ್ನು ತೂತಿನ ತಲೆಗೆ ಕಟ್ಟಿದನಲ್ಲ! ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಒಂದು ದಪ್ಪ ಕಾಗದದ ಮೇಲೆ ಡಿಸ್ಕ್ ಇಟ್ಟು ಸುತ್ತ ಗೆರೆ ಎಳೆದೆ, ನಡುವೆಯೂ ಎಳೆದೆ, ಬಟ್ಟೆ ಕತ್ತರಿಯಲ್ಲಿ ಎರಡನ್ನೂ ಕತ್ತರಿಸಿ ಒಂದು ಬಳೆ ಮಾಡಿಕೊಂಡೆ. ಅದೇ ಫೋಟೋವನ್ನು ಅದೇ ಅಳತೆಗೆ ಪ್ರಿಂಟ್ ತೆಗೆಸಿ ಮೇಜಿನ ಮೇಲಿಟ್ಟು, ಕಾಗದದ ಬಳೆಯನ್ನು ಅದರ ಮೇಲೆ ಸರಿಸುತ್ತಾ ಹೋದೆ. ಕೆಳಕ್ಕೆ ತಂದು ತೂತನ್ನು ನಿನ್ನ ಹೊಟ್ಟೆಯ ಮೇಲೆ ಹಾಕೋಣ ಎಂದರೆ ಎತ್ತರದ ನಮ್ಮವನ ತಲೆ ಅಂಚಿನಾಚೆ ಹೋಗುತ್ತದೆ. ಎಡಕ್ಕೆ ತಂದರೆ ತೂತು ಅವನ ಮೇಲೇ ಬೀಳುತ್ತದೆ. ಅವನು ಒಮ್ಮೆ ಹೋದದ್ದು ಸಾಕು. ಉಳಿದದ್ದು ಬಲಕ್ಕೆ. ಬಲಕ್ಕೆ ಯಾರಿದ್ದಾರೆ? ನಾನು.

ಎಳ್ಳಷ್ಟೂ ಯೋಚಿಸದೆ ತೂತನ್ನು ನನ್ನ ಮುಖದ ಮೇಲೆ ಎಳೆದುಕೊಂಡೆ. ಅಷ್ಟು ಹೊತ್ತಿಗೆ ದೊಡ್ಡ ಸೊಸೆ ಚಹಾ ಹಿಡಿದು ಬಂದು ಹಿಂದೆ ನಿಂತಿದ್ದಳು. ಗಂಡನ ಮಾತಿಗೆ ಎದುರಾಡಿದವಳಲ್ಲ ಅವಳು. ಲೋಟ ಕೆಳಗಿಟ್ಟು ಕಂಪ್ಯೂಟರ್ ಮುಂದೆ ಕೂತಳು, ಮೌಸ್ ಹಿಡಿದಳು, "ಅತ್ತೆ, ಇನ್ನೊಂಚೂರು ಸರಿಸ್ಲಾ? ಅವಳ ಕಿವಿಯೋಲೆನೂ ಪೂರ್ತಿ ಕಾಣ್ಲಿ" ಎಂದಳು. ಸರಿಸು ಎಂದೆ. ಸರಿಸಿದಳು. ಪ್ರಿಂಟರ್ ಚರಚರ ಎಂದು ಗೊಣಗಿ ತಟ್ಟೆಯನ್ನು ಒಳಗೆಳೆದುಕೊಂಡು, ಸ್ವಲ್ಪ ಸ್ವಲ್ಪವೇ ಹೊರಗೆ ಬಿಟ್ಟಿತು. ನೀನು ಬಂದೆ, ನಮ್ಮವನು ಬಂದ. ಅವನು ಕ್ಯಾಮರಾ ನೋಡುತ್ತಿಲ್ಲ, ನಿನ್ನನ್ನು ನೋಡಿ ನಗುತ್ತಿದ್ದಾನೆ. ಇಷ್ಟು ವರ್ಷ ಆ ಫೋಟೋ ಮನೆಯಲ್ಲಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಮುಂದಿನ ಡಿಸ್ಕ್ ಹಾಕು ಎಂದೆ. ಎಲ್ಲ ಮುಗಿಯುವ ಹೊತ್ತಿಗೆ ಹಾಸಿಗೆ, ಮೇಜು, ಹೊಲಿಗೆ ಮೆಷಿನ್, ಎಲ್ಲಿ ನೋಡಿದರೂ ಒಣಗಲು ಹರವಿದ ನೀವಿಬ್ಬರೇ.

ದೊಡ್ಡವನು ಬಂದು ನೋಡಿದ. ಒಂದನ್ನು ಎತ್ತಲು ಕೈ ಹಾಕಿದ, ಮುಟ್ಟಬೇಡ, ಹಸಿ ಇದೆ ಎಂದು ಗದರಿದೆ. ಬಗ್ಗಿ ನೋಡಿ, "ಅಮ್ಮಾ, ನನ್ನ ಕಿವೀನೇ ಇಲ್ವಲ್ಲ!" ಎಂದ. ಚಿತ್ರ ಎಡಕ್ಕೆ ಸರಿದಾಗ ಅವನ ಒಂದು ಕಿವಿ ಅಂಚಿನಿಂದ ಆಚೆ ಹೋಗಿತ್ತು ನೋಡು. ಹೆತ್ತ ತಾಯಿಯ ಮುಖವೇ ಇಲ್ಲದ್ದು ಕಾಣಲಿಲ್ಲ, ತನ್ನ ಕಿವಿ ಇಲ್ಲದ್ದು ಕಂಡಿತು! ಏನ್ಮಾಡೋಕಾಗುತ್ತಪ್ಪಾ, ಡಿಸ್ಕ್ ಅಂದ್ಮೇಲೆ ಗುಂಡಗೇ ಇರ್ಬೇಕಲ್ಲ ಎಂದೆ. ದೊಡ್ಡ ಸೊಸೆ ಅಡುಗೆಮನೆಗೆ ಓಡಿದಳು, ನಗುವುದಕ್ಕೆ. ಆಮೇಲೆ ಅವನಿಗೆ ತೂತು ಕಂಡಿತು. ಮುಖ ಇಳಿಯಿತು. "ಅಮ್ಮಾ, ಅವಳು ಈಗ ಬೇರೆಯವ್ರ ಹೆಂಡ್ತಿ. ಬಂದವ್ರು ಏನಂದ್ಕೋತಾರೆ? ಅವಳಿಗೋಸ್ಕರ ನೀನೇ ಇಲ್ಲದ ಹಾಗಾದ್ಯಲ್ಲ" ಎಂದ. ನಾನು ಹೇಳಿದೆ: ನಾನು ಇಲ್ಲೇ ಕುರ್ಚಿಯಲ್ಲಿ ಕೂತಿರುತ್ತೇನೆ, ನನ್ನನ್ನು ನೋಡಬೇಕಾದವರು ತಿರುಗಿ ನೋಡಲಿ. ಅವಳನ್ನು ತೆಗೆದರೆ ನಿನ್ನ ತಮ್ಮ ಯಾರನ್ನು ನೋಡಿ ನಗುತ್ತಿದ್ದಾನೆ ಎಂದು ಬಂದವರಿಗೆ ನೀನು ಹೇಳುತ್ತೀಯಾ? ಅವನು ಎರಡು ದಿನದಿಂದ ಮುಖ ಊದಿಸಿಕೊಂಡು ಓಡಾಡುತ್ತಿದ್ದಾನೆ. ಊದಲಿ. ಅವನ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ.

ಈಗ ನಿನ್ನ ಸರದಿ. ಫೋಟೋ ಬೇಡ ಎಂದು ನೀನು ಕೇಳಿಕೊಂಡದ್ದನ್ನು ನಾನು ಕಿವಿಯ ಮೇಲೆ ಹಾಕಿಕೊಂಡಿಲ್ಲ, ಹಾಕಿಕೊಳ್ಳುವುದೂ ಇಲ್ಲ. ವಿಡಿಯೋ ತುಂಬ ನೀನೇ ಇದ್ದೀಯ. ಬಟ್ಟೆ ಒಣಹಾಕುವವಳು ನೀನು, ನನ್ನ ಸೈಕಲ್ ಹಿಂದೆ ಏದುಸಿರು ಬಿಡುವವಳು ನೀನು, "ಸಾಕು ಆಫ್ ಮಾಡ್ರೀ" ಎಂದು ಅಂಗೈ ಅಡ್ಡ ಹಿಡಿಯುವವಳು ನೀನು. ನಿನ್ನನ್ನು ತೆಗೆದರೆ ಉಳಿಯುವುದು ನಮ್ಮ ಮನೆಯ ಗೋಡೆ, ಅದಕ್ಕೂ ಸುಣ್ಣ ಬಳಿದು ಯಾವ ಕಾಲವಾಯಿತೋ. ಮದುವೆಯಾದ ಮಾತ್ರಕ್ಕೆ ನೀನು ಇಲ್ಲಿ ಬದುಕಿದ್ದೆಲ್ಲ ಸುಳ್ಳಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರು ನನ್ನ ಹತ್ತಿರ ಬಂದು ಹೇಳಲಿ. ನಿನ್ನ ಹತ್ತಿರ ಹೇಳಿದರೆ ನೀನೂ ನನ್ನ ಹತ್ತಿರ ಕಳಿಸು. ನಾನು ನಿನ್ನನ್ನು ಬಿಟ್ಟುಕೊಡುವುದಿಲ್ಲ ಕಣೇ. ಮಗನನ್ನು ಕಳೆದುಕೊಂಡಾಗ ನನ್ನನ್ನು ಯಾರೂ ಕೇಳಲಿಲ್ಲ. ನಿನ್ನ ವಿಷಯದಲ್ಲಿ ನನ್ನನ್ನು ಕೇಳಬೇಕು, ನಾನು ಇಲ್ಲ ಎನ್ನುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸ ಕೆಲಸ ಎಂದು ಮೈ ಸೊರಗಿಸಿಕೊಳ್ಳಬೇಡ. ದೊಡ್ಡ ಸೊಸೆ ನಿನ್ನನ್ನು ಕೇಳಿದಳು ಎಂದು ತಿಳಿಸಲು ಹೇಳಿದ್ದಾಳೆ. ದೊಡ್ಡವನು ಹೇಳಿಲ್ಲ, ಆದರೆ ಈ ಕಾಗದ ಯಾರಿಗೆ ಎಂದು ಎರಡು ಸಲ ಇಣುಕಿದ. ನೂರು ಕಾಲ ನಗುನಗುತ್ತಾ ಬಾಳು, ಬೆನ್ನು ನೆಟ್ಟಗಿಟ್ಟುಕೊಂಡು ಬಾಳು.

ನಿನ್ನ ಪ್ರೀತಿಯ,
ಅತ್ತೆ

ಮರೆತದ್ದು: ಎದುರುಮನೆಯವರು ಪರದೆಗೆ ಬಂದು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೇಳಬೇಕಾದದ್ದನ್ನೇ ಬಿಟ್ಟಿದ್ದೆ. ಡಿಸ್ಕುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಆ ಭಾನುವಾರ ನೀನು ಬಂದು ನಿನ್ನ ಕೈಯಾರೆ ಹಂಚಬೇಕು, ನೀನು ಬರದಿದ್ದರೆ ಒಂದೂ ಆಚೆ ಹೋಗುವುದಿಲ್ಲ. ಒಬ್ಬಳೇ ಬಂದೀಯ, ಜೋಕೆ. ನಿನ್ನ ಯಜಮಾನರನ್ನೂ ಕರೆದುಕೊಂಡು ಬಾ. ಬಾಗಿಲಲ್ಲಿ ನಾನೇ ನಿಂತಿರುತ್ತೇನೆ. ಇವರು ಯಾರು ಎಂದು ಯಾರಾದರೂ ಕೇಳಿದರೆ ನೀವಿಬ್ಬರೂ ಬಾಯಿ ತೆರೆಯಬೇಡಿ. ನಾನು ಹೇಳುತ್ತೇನೆ: ನನ್ನ ಅಳಿಯ.